ಹೊನ್ನಯ್ಯನವರ ಕಿವಿಯ ಪುಟ

ನನಗಿಂತ ಮೊದಲು ಈ ಕೆಲಸದಲ್ಲಿದ್ದವರು ಕವಿಗಳು. ಅದೇ ನಮ್ಮೂರಿನ ದೌರ್ಭಾಗ್ಯ. ಬೀದಿದೀಪದ ಪುಟದಲ್ಲಿ ಅವರು 'ಕತ್ತಲಾಯಿತೆಂದು ಅನ್ನಿಸಿದಾಗ ದೀಪವು ಹೊತ್ತಿಕೊಳ್ಳುವುದು' ಎಂದು ಬರೆದಿಟ್ಟರು. ಯಾರಿಗೆ ಅನ್ನಿಸಿದಾಗ ಎಂದು ಬರೆಯಲಿಲ್ಲ. ಹಾಗಾಗಿ ಅಂಚೆ ಕಚೇರಿಯ ಮುಂದಿನ ದೀಪ ಈಗಲೂ ಒಮ್ಮೊಮ್ಮೆ ಮಟಮಟ ಮಧ್ಯಾಹ್ನ ಹೊತ್ತಿಕೊಳ್ಳುತ್ತದೆ. ಆಗ ಅದರ ಕೆಳಗೆ ಹೋಗುತ್ತಿರುವವರನ್ನು ಜನ ತಡೆದು ನಿಲ್ಲಿಸಿ, "ಯಾಕಪ್ಪಾ, ಮನೇಲಿ ಎಲ್ಲ ಸರಿಯಾಗಿದ್ಯಾ?" ಎಂದು ವಿಚಾರಿಸುತ್ತಾರೆ. ಬಸ್ಸಿನ ಪುಟದಲ್ಲಿ 'ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು' ಎಂದಿದೆ. ಸ್ವಲ್ಪ ಹೊತ್ತು ಅಂದರೆ ಎಷ್ಟು ಎಂದು ಬಸ್ಸಿಗೂ ಗೊತ್ತಿಲ್ಲ. ಒಂದು ಸಲ ಹಾಗೆ ನಿಂತ ಬಸ್ಸಿನಲ್ಲಿ ಎದುರುಬದುರು ಕೂತಿದ್ದ ಎರಡು ಮನೆಯವರು ಮಾತಿಗೆ ಮಾತು ಸೇರಿಸಿ, ಜಾತಕ ತರಿಸಿ ನೋಡಿ, ಬಸ್ಸು ಹೊರಡುವ ಹೊತ್ತಿಗೆ ತಾಂಬೂಲ ಬದಲಾಯಿಸಿಕೊಂಡಿದ್ದರು. ಆ ಗಂಡ ಹೆಂಡತಿ ಈಗಲೂ ಬಸ್ ನಿಲ್ದಾಣದ ಹಿಂದೆಯೇ ಸುಖವಾಗಿದ್ದಾರೆ. ಆದರೂ ಅದು ಬರೆಯುವ ರೀತಿಯಲ್ಲ.

ನಮ್ಮೂರಲ್ಲಿ ಯಂತ್ರಗಳು ಬರೆದ ಹಾಗೆ ನಡೆಯುತ್ತವೆ. ಬೇರೆ ಕಡೆ ತಮ್ಮ ಪಾಡಿಗೆ ತಾವು ನಡೆಯುತ್ತವಂತೆ, ನಾನು ನೋಡಿಲ್ಲ. ಇಲ್ಲಿ ಹೊಸ ಯಂತ್ರ ಯಾವುದೇ ಬರಲಿ, ಮೊದಲು ನಮ್ಮ ಕಚೇರಿಗೆ ಬರಬೇಕು. ಕಚೇರಿಯಲ್ಲಿ ಒಂದು ದೊಡ್ಡ ಪುಸ್ತಕವಿದೆ, ಅದಕ್ಕೆ ತಿರುಳು ಅನ್ನುತ್ತೇವೆ. ಪ್ರತಿ ಯಂತ್ರಕ್ಕೂ ತಿರುಳಿನಲ್ಲಿ ಒಂದು ಪುಟ. ಆ ಪುಟಕ್ಕೆ ಚಾಲಕ ಎಂದು ಹೆಸರು. ಚಾಲಕ ಇಲ್ಲದ ಯಂತ್ರ ನಮ್ಮೂರಿನ ಮಟ್ಟಿಗೆ ಬರೀ ತಗಡು. ಯಂತ್ರದ ಒಂದೊಂದು ಗುಂಡಿಯ ಬಗ್ಗೆಯೂ ನಾಲ್ಕು ಸಾಲು ಬರೆಯಬೇಕು: ಗುಂಡಿಯ ಹೆಸರೇನು, ಅದನ್ನು ಎಷ್ಟು ತೆರನಾಗಿ ತಿರುಗಿಸಬಹುದು, ಯಾರೂ ಮುಟ್ಟದಿದ್ದರೆ ಹೇಗಿರುತ್ತದೆ, ಮತ್ತು ಅದು ಯಾಕೆ ಬೇಕು. ಬರೆದ ಶಾಯಿ ಒಣಗಿ ಮೊಹರು ಬಿದ್ದಮೇಲೆ ಯಂತ್ರ ಹಾಗೆಯೇ ನಡೆಯುತ್ತದೆ. ಬ್ರಹ್ಮ ಹಣೆಯಲ್ಲಿ ಬರೆದದ್ದನ್ನು ಬೇಕಾದರೆ ತಪ್ಪಿಸಬಹುದು, ವನಜಾಕ್ಷಿ ಬರೆದದ್ದನ್ನು ತಪ್ಪಿಸಲಾಗದು ಎಂದು ಊರಲ್ಲಿ ಮಾತಿದೆ. ವನಜಾಕ್ಷಿ ಅಂದರೆ ನಾನು.

ತಿದ್ದಬಹುದಲ್ಲ ಎಂದು ನೀವು ಕೇಳಬಹುದು. ತಿದ್ದಬಹುದು. ಆದರೆ ತಿರುಳಿನ ಮೊದಲ ಪುಟದಲ್ಲಿಯೇ ಒಂದು ನಿಯಮವಿದೆ: ಯಂತ್ರದ ಯಾವ ನಡತೆಯನ್ನು ಒಬ್ಬರಾದರೂ ನೆಚ್ಚಿಕೊಂಡಿದ್ದಾರೋ ಅದನ್ನು ಮುರಿಯಕೂಡದು. ಕವಿಗಳು ಹಿಟ್ಟಿನ ಗಿರಣಿಯ ಪುಟದಲ್ಲಿ 'ಗೋಧಿಯನ್ನು ಮಲ್ಲಿಗೆಯಂತೆ ಬೀಸುವುದು' ಎಂದು ಬರೆದ ದಿನದಿಂದ ನಮ್ಮೂರಿನ ಚಪಾತಿ ಮಲ್ಲಿಗೆಯ ವಾಸನೆ ಬರುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಇದನ್ನು ಸರಿಪಡಿಸಲು ಹೊರಟೆ. ಮಾರನೆಯ ದಿನ ಕಚೇರಿಯ ಮುಂದೆ ನಲವತ್ತು ಜನ. ಬೇರೆ ಚಪಾತಿ ತಮ್ಮ ಮಕ್ಕಳಿಗೆ ಸೇರುವುದಿಲ್ಲ ಎಂದರು. ಒಬ್ಬಾಕೆಯಂತೂ, "ನಮ್ಮ ಸೊಸೆ ಹೂ ಮುಡಿಯೋದನ್ನೇ ಬಿಟ್ಟಿದಾಳೆ, ಚಪಾತಿ ತಿಂದ್ರೆ ಸಾಕಾಗುತ್ತೆ. ಈಗ ಮತ್ತೆ ಹೂವಿನ ಖರ್ಚು ಯಾರು ಕೊಡ್ತಾರೆ?" ಎಂದು ನನ್ನನ್ನೇ ಕೇಳಿದಳು. ತಿದ್ದುಪಡಿ ಬಿದ್ದುಹೋಯಿತು.

ತಿರುಳನ್ನು ಕಾಯುವವರು ಬೋರಲಿಂಗಯ್ಯನವರು. ಬರೆಯುವವಳು ನಾನಾದರೂ ಮೊಹರು ಅವರದು. ಮೂವತ್ತು ವರ್ಷದಿಂದ ಆ ಕುರ್ಚಿಯಲ್ಲಿ ಕೂತಿದ್ದಾರೆ, ಒಂದು ಪುಟವನ್ನೂ ಮೊದಲ ಸಲಕ್ಕೆ ಒಪ್ಪಿಕೊಂಡವರಲ್ಲ. ಅವರ ಮಗಳ ಮದುವೆಯ ಕರೆಯೋಲೆಯನ್ನು ಮುದ್ರಣದವನಿಗೆ ಒಂಬತ್ತು ಸಲ ವಾಪಸು ಕಳಿಸಿ, ಕಡೆಗೆ ಮದುವೆ ಆದ ಮೇಲೆ ಹಂಚಿದರು. "ಯಾಕೆ ಅಂತ ಹೇಳಕ್ಕಾಗದ ಗುಂಡಿ ಊರಿಗೆ ಭಾರ ಕಣಮ್ಮಾ" ಎನ್ನುವುದು ಅವರ ಮಾತು. ಮನಸ್ಸಿನಲ್ಲಿ ಎಷ್ಟು ಶಪಿಸಿದರೂ ನನಗೆ ಅವರ ಮೇಲೆ ಗೌರವವಿದೆ. ನಾನೂ ಅವರ ಜಾತಿಯವಳೇ. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಬರೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. 'ಸ್ವಲ್ಪ', 'ಆದಷ್ಟು', 'ಅಗತ್ಯವಿದ್ದಲ್ಲಿ', ಈ ಮೂರು ಪದಗಳನ್ನು ನಾನು ಹದಿನಾಲ್ಕು ವರ್ಷದಲ್ಲಿ ಒಂದು ಸಲವೂ ಬರೆದಿಲ್ಲ. ಮನೆಯಲ್ಲಿ ಉಪ್ಪು ಕೇಳಿದರೂ ಎಷ್ಟು ಚಿಟಿಕೆ ಎಂದು ಕೇಳಿಯೇ ಬಡಿಸುವುದು. ಇಷ್ಟು ಹೇಳಿಕೊಂಡ ಮೇಲೆ ಹೊನ್ನಯ್ಯನವರ ವಿಷಯ ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳಬೇಕು.

ಹೊನ್ನಯ್ಯನವರು ಹಾರ್ಮೋನಿಯಂ ರಿಪೇರಿ ಮಾಡುವವರು. ಮಾಡುತ್ತಿದ್ದವರು ಅನ್ನಬೇಕು. ಹನ್ನೊಂದು ವರ್ಷದ ಹಿಂದೆ ಒಂದು ಜ್ವರ ಬಂದು ಹೋಗುವಾಗ ಎರಡು ಕಿವಿಯನ್ನೂ ತೆಗೆದುಕೊಂಡು ಹೋಯಿತು. ಅಂಗಡಿ ಮುಚ್ಚಿತು. ಭಜನಾ ಮಂಡಳಿಯ ದೊಡ್ಡ ಪೆಟ್ಟಿಗೆ ಆಗಿನಿಂದ ಶ್ರುತಿ ತಪ್ಪಿಯೇ ಇದೆ. ಮಂಡಳಿಯವರೂ ಪೆಟ್ಟಿಗೆ ಎಷ್ಟು ತಪ್ಪಿದೆಯೋ ಅಷ್ಟೇ ತಪ್ಪಿ ಹಾಡುವುದನ್ನು ಕಲಿತುಕೊಂಡು ಹೊಂದಿಕೊಂಡಿದ್ದಾರೆ. ಹೊನ್ನಯ್ಯನವರ ಹೆಂಡತಿ ಕೆಂಪಾಜಮ್ಮ. ಆಕೆಯ ಹಪ್ಪಳಕ್ಕೂ ಬಾಯಿಗೂ ಊರಲ್ಲಿ ಸಮ ಹೆಸರು. ಇಂಥ ಬಾಯಿಯಿದ್ದ ಮನೆಯಲ್ಲಿ ಗಂಡನ ಕಿವಿ ಹೋದದ್ದನ್ನು ಜನ ದೇವರ ಅನುಗ್ರಹವೆಂದೇ ತಿಳಿದಿದ್ದರು.

ಹೋದ ಗೌರಿ ಹಬ್ಬದ ಹಿಂದಿನ ವಾರ ಹೊನ್ನಯ್ಯನವರು ಒಂದು ಪುಟ್ಟ ಡಬ್ಬಿ ಹಿಡಿದುಕೊಂಡು ಕಚೇರಿಗೆ ಬಂದರು. ಒಳಗೆ ಹುಣಸೆಬೀಜದಷ್ಟು ದೊಡ್ಡ ಕಿವಿಯ ಯಂತ್ರ. ನಮ್ಮೂರಿಗೆ ಅಂಥದ್ದು ಬಂದದ್ದು ಅದೇ ಮೊದಲು. ಆ ವಾರ ನನ್ನ ಮೇಜಿನ ಮೇಲೆ ಹನ್ನೊಂದು ಮಿಕ್ಸಿಗಳು ಸಾಲಾಗಿ ಕಾಯುತ್ತಿದ್ದವು. ಹಬ್ಬದ ಮುಂಚೆ ತಮ್ಮ ಮಿಕ್ಸಿ ಓಡಲೇಬೇಕೆಂದು ಹನ್ನೊಂದು ಹೆಂಗಸರು ಬಾಗಿಲಲ್ಲಿ ಕೂತಿದ್ದರು. ಹೊಸ ಪುಟವನ್ನು ಹಳೆಯ ಪುಟ ಮುಂದಿಟ್ಟುಕೊಂಡೇ ಬರೆಯಬೇಕು ಎನ್ನುವುದು ನಮ್ಮಲ್ಲಿ ಪದ್ಧತಿ. ಅಂಚು, ಸಾಲು, ಕ್ರಮ ಎಲ್ಲವೂ ಒಂದೇ ತೆರನಾಗಿರಬೇಕು, ಇಲ್ಲದಿದ್ದರೆ ಬೋರಲಿಂಗಯ್ಯನವರು ಮುಟ್ಟುವುದಿಲ್ಲ. ನಾನು ಮಿಕ್ಸಿಯ ಪುಟವನ್ನು ಮುಂದಿಟ್ಟುಕೊಂಡು ಕಿವಿಯ ಪುಟವನ್ನು ಬರೆದೆ. ಜಾರಿನ ಬದಲು ಕಿವಿ ಎಂದು ಹಾಕಿದೆ. ವೇಗದ ಬದಲು ಸದ್ದು ಎಂದು ಹಾಕಿದೆ. ಪುಟದ ಕೊನೆಯಲ್ಲಿ 'ಐದು ನಿಮಿಷ ನಡೆದ ಮೇಲೆ ಹತ್ತು ನಿಮಿಷ ವಿಶ್ರಾಂತಿ ಪಡೆಯುವುದು' ಎಂಬ ಸಾಲಿತ್ತು. ಅದನ್ನು ಹಾಗೆಯೇ ಬರೆದುಬಿಟ್ಟೆ.

ಬೋರಲಿಂಗಯ್ಯನವರು ಆ ಪುಟವನ್ನು ಎರಡು ಸಲ ವಾಪಸು ಕಳಿಸಿದರು, ಎರಡು ಸಲವೂ ಅಂಚಿನ ಅಳತೆಗಾಗಿ. ಆ ಸಾಲು ಅವರ ಕಣ್ಣಿಗೂ ಬೀಳಲಿಲ್ಲ. ಮೊಹರು ಬಿತ್ತು. ಪರೀಕ್ಷೆ ಮಾಡಬೇಕಲ್ಲ, ನಾನು ಹೊನ್ನಯ್ಯನವರ ಎದುರು ನಿಂತು, "ಕೇಳಿಸ್ತಿದ್ಯಾ ಹೊನ್ನಯ್ಯನವರೇ?" ಎಂದೆ. ಅವರು ಹೌದು ಎಂದು ತಲೆಯಾಡಿಸಿ ನಕ್ಕರು, ಆಮೇಲೆ ಅತ್ತರು. ಬಾಗಿಲಲ್ಲಿದ್ದ ಹನ್ನೊಂದು ಹೆಂಗಸರೂ ಕಣ್ಣೊರೆಸಿಕೊಂಡರು. ಇಷ್ಟೆಲ್ಲ ಆಗುವುದಕ್ಕೆ ನಾಲ್ಕು ನಿಮಿಷ ಹಿಡಿಯಿತು. ಪರೀಕ್ಷೆ ಯಶಸ್ವಿ ಎಂದು ರುಜು ಮಾಡಿದೆ.

ಮಾರನೆಯ ಬೆಳಿಗ್ಗೆ ಅವರು ಮತ್ತೆ ಬಂದರು. "ಅಮ್ಮಾ, ಇದು ಐದು ನಿಮಿಷ ಕೇಳುತ್ತೆ, ಆಮೇಲೆ..." ಎಂದವರು ಅಲ್ಲಿಗೇ ನಿಲ್ಲಿಸಿ ಗೋಡೆಯ ಗಡಿಯಾರ ನೋಡಿದರು. ನಾನು "ಆಮೇಲೆ ಏನಾಗುತ್ತೆ?" ಎಂದೆ. ಉತ್ತರವಿಲ್ಲ. ಕೈಯಿಂದ ತಾಳಿ ಎಂದು ಸನ್ನೆ ಮಾಡಿ ಬೆಂಚಿನ ಮೇಲೆ ಕೂತರು. ನನಗೆ ಅರ್ಥವಾಗುವ ಹೊತ್ತಿಗೆ ಹತ್ತು ನಿಮಿಷ ಆಗಿತ್ತು. ಅಷ್ಟು ಹೊತ್ತೂ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾ ಕಾಫಿ ಕುಡಿದೆವು. ನಾನು ಪುಟ ತೆಗೆದು ನೋಡಿದೆ. ಕೊನೆಯ ಸಾಲು, ನನ್ನದೇ ಕೈಬರಹ, ದುಂಡಗೆ ಮುತ್ತಿನಂತಿದೆ. ಹೇಳೋದು ಆಚಾರ, ತಿನ್ನೋದು ಬದನೇಕಾಯಿ ಅನ್ನುವ ಗಾದೆ ನನಗಾಗಿಯೇ ಹುಟ್ಟಿದ್ದಿರಬೇಕು. ಕವಿಗಳನ್ನು ಇಷ್ಟು ವರ್ಷ ಆಡಿಕೊಂಡಿದ್ದಕ್ಕೆ ಅವತ್ತು ಮನಸಾರೆ ಪಶ್ಚಾತ್ತಾಪಪಟ್ಟೆ. ಮಲ್ಲಿಗೆ ಚಪಾತಿಯಿಂದ ಯಾರಿಗೂ ನೋವಾಗಿರಲಿಲ್ಲ.

"ಐದು ನಿಮಿಷ ಸಾಲದಾ ನಿಮಗೆ?" ಎಂದು ನಾಚಿಕೆಯಿಲ್ಲದೆ ಕೇಳಿಯೂ ಬಿಟ್ಟೆ.

"ಮಾತಿಗೆ ಸಾಕಮ್ಮಾ, ಮಾತಲ್ಲಿ ಏನಿದೆ. ಸ್ವರಕ್ಕೆ ಸಾಲದು. ಮಂಡಳಿ ಪೆಟ್ಟಿಗೆ ಬಿಚ್ಚಿಟ್ಕೊಂಡು ಕೂತಿದೀನಿ. ಷಡ್ಜ ಕಿವೀಲಿ ಕೂರೋ ಹೊತ್ತಿಗೆ ಯಂತ್ರ ಮಲಗುತ್ತೆ. ಎದ್ದ ಮೇಲೆ ಮತ್ತೆ ಷಡ್ಜದಿಂದಲೇ ಶುರು ಮಾಡ್ಬೇಕು. ನಿನ್ನೆಯಿಂದ ಒಂದೇ ಸ್ವರದಲ್ಲಿ ನಿಂತಿದೀನಿ" ಎಂದರು. ಹನ್ನೊಂದು ವರ್ಷದ ಮೇಲೆ ಅಂಗಡಿಯ ಬಾಗಿಲು ತೆಗೆಯಬೇಕೆಂದು ಆಸೆಪಟ್ಟ ಮನುಷ್ಯ. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. "ನಿಧಾನವಾಗಿ ಸರಿ ಮಾಡಿಕೊಡಿ" ಎಂದು ಹೇಳಿ ಎದ್ದು ಹೋದರು.

ಅವತ್ತೇ ತಿದ್ದುಪಡಿ ಬರೆದೆ. 'ಯಂತ್ರವು ನಿಲ್ಲದೆ ಕೇಳಿಸುವುದು.' ಒಂದೇ ಸಾಲು. ಬೋರಲಿಂಗಯ್ಯನವರು ಕನ್ನಡಕ ಏರಿಸಿ ನೋಡಿ ವಾಪಸು ಕೊಟ್ಟರು.

"ಇಲ್ಲಿ ಸಾಲಿನ ಕೊನೇಲಿ ಒಂದು ಬೆರಳು ಜಾಗ ಖಾಲಿ ಬಿಟ್ಟಿದೀಯ."

"ಬಿಟ್ಟರೆ ಏನು ಸಾರ್?"

"ನಾಳೆ ಯಾರಾದ್ರೂ ಬಂದು ಅಲ್ಲಿ 'ಇಲ್ಲ' ಅಂತ ಸೇರಿಸಿದ್ರೆ? ಕುಡಿಯೋ ನೀರಿನ ಪಂಪು ಮೂರು ವಾರ ನಿಂತಿದ್ದು ನೆನಪಿಲ್ವಾ?"

ನೆನಪಿತ್ತು. ಅಂಚಿನವರೆಗೂ ಗೆರೆ ಎಳೆದು ಎರಡನೆಯ ಪ್ರತಿ ಕೊಟ್ಟೆ. ನಿಲ್ಲದೆ ಅಂದರೆ ಬ್ಯಾಟರಿ ಮುಗಿದ ಮೇಲೂ ನಿಲ್ಲದೆಯೋ ಎಂದು ಕೇಳಿದರು. ಮೂರನೆಯ ಪ್ರತಿಯಲ್ಲಿ ಬ್ಯಾಟರಿಯ ವಿಷಯವನ್ನೂ ಸೇರಿಸಿದೆ. ಒಂದು ತಿದ್ದುಪಡಿಯಲ್ಲಿ ಒಂದೇ ವಿಷಯ ಇರಬೇಕು ಎಂದು ವಾಪಸು ಬಂತು. ನಾಲ್ಕನೆಯದನ್ನು ಯಾಕೆ ವಾಪಸು ಕಳಿಸಿದರು ಎಂದು ಅವರೂ ಹೇಳಲಿಲ್ಲ. ಅವತ್ತು ಅವರ ಮನೆಯಲ್ಲಿ ಅನ್ನ ಸೀದಿತ್ತೆಂದು ಆಮೇಲೆ ತಿಳಿಯಿತು. ಹೀಗೆ ಏಳು ಪ್ರತಿಗಳಾದವು. ಹಬ್ಬ ಬಂತು, ಹೋಯಿತು.

ಅಷ್ಟರಲ್ಲಿ ಊರು ಹೊನ್ನಯ್ಯನವರ ಕಿವಿಗೆ ಹೊಂದಿಕೊಂಡಿತು. ನಮ್ಮ ಜನಕ್ಕೆ ಇದೆಲ್ಲ ಹೇಳಿಕೊಡಬೇಕಾಗಿಲ್ಲ. ದಾರಿಯಲ್ಲಿ ಸಿಕ್ಕಿದವರು ನಮಸ್ಕಾರಕ್ಕೆ ಮೊದಲು "ಈಗ ಹೇಗೆ, ಇದ್ಯಾ ಮಲಗಿದ್ಯಾ?" ಎಂದು ಬೆರಳಲ್ಲಿ ಸನ್ನೆ ಮಾಡುತ್ತಿದ್ದರು. ಉದ್ದುದ್ದ ಕಥೆ ಹೇಳುವ ಕ್ಷೌರದ ಚೌಡಯ್ಯ ಹೊನ್ನಯ್ಯನವರ ತಲೆಗೆ ಮಾತ್ರ ಐದು ನಿಮಿಷದ ಕಥೆಗಳನ್ನು ಬೇರೆಯಾಗಿ ಇಟ್ಟುಕೊಂಡ. ಪಕ್ಕದ ಮನೆಯವರೊಂದಿಗಿದ್ದ ಬಚ್ಚಲ ನೀರಿನ ಹಳೆಯ ಜಗಳ ಒಂದೇ ವಾರದಲ್ಲಿ ತೀರ್ಮಾನವಾಯಿತು. ಐದು ನಿಮಿಷದಲ್ಲಿ ಹೇಳಿ ಮುಗಿಸಬೇಕೆಂದಾಗ ಇಬ್ಬರಿಗೂ ಹೇಳಲು ಹೆಚ್ಚೇನೂ ಇರಲಿಲ್ಲ. ಉಳಿದ ಹತ್ತು ನಿಮಿಷಗಳಲ್ಲಿ ಕೆಂಪಾಜಮ್ಮ ಮಾತಾಡುತ್ತಿದ್ದರು. ಇದನ್ನು ಬೀದಿಯವರೆಲ್ಲ ನೋಡಿದ್ದರು. ಯಂತ್ರ ಮಲಗಿತು ಅಂದರೆ ಸಾಕು, ಕಿಟಕಿಯಲ್ಲಿ ಕಾಣುವಂತೆ ಗಂಡನ ಎದುರು ಕೂತು ಒಂದೇ ಸಮನೆ ತುಟಿ ಆಡಿಸುತ್ತಿದ್ದರು. ಮನದಣಿಯೆ ಬೈಯುತ್ತಿದ್ದಾಳೆ ಎಂದು ಜನ ನಗುತ್ತಿದ್ದರು. ನಾನೂ ನಕ್ಕಿದ್ದೆ.

ಏಳನೆಯ ಪ್ರತಿ ಒಪ್ಪಿಗೆಯಾಯಿತು. ನಿಯಮದಂತೆ ಅದನ್ನು ಏಳು ದಿನ ಜಗಲಿಯ ಹಲಗೆಗೆ ಅಂಟಿಸಿದೆ. ಆಕ್ಷೇಪಣೆ ಇದ್ದವರು ಬಂದು ಹೇಳಬಹುದು. ಯಾರೂ ಬರಲಿಲ್ಲ. ಮೊಹರು ಬಿತ್ತು, ಯಂತ್ರ ನಿಲ್ಲದೆ ಕೇಳಿಸತೊಡಗಿತು. ಮೂರೇ ದಿನದಲ್ಲಿ ಹೊನ್ನಯ್ಯನವರು ಮಂಡಳಿಯ ಪೆಟ್ಟಿಗೆಯನ್ನು ಶ್ರುತಿಗೆ ತಂದರು. ಅಂಗಡಿಯ ಬಾಗಿಲು ತೆರೆಯಿತು. ಆ ದಿನ ಸಂಜೆ ಭಜನೆಯಲ್ಲಿ ಪೆಟ್ಟಿಗೆಯೊಂದೇ ಸರಿಯಾಗಿತ್ತು, ಮಿಕ್ಕ ಹದಿನೇಳು ಜನ ಅಪಸ್ವರದಲ್ಲಿದ್ದರು. ಆದರೂ ನನಗೆ ಎದೆ ಹಗುರಾಯಿತು. ತಪ್ಪು ಮಾಡಿದೆ, ತಿದ್ದಿದೆ, ಮುಗಿಯಿತು ಎಂದುಕೊಂಡೆ.

ಎಂಟನೆಯ ದಿನ ಹೊನ್ನಯ್ಯನವರು ಅಂಗಡಿಯ ಮೆಟ್ಟಿಲಿನಿಂದ ನನ್ನನ್ನು ಕೂಗಿ ಕರೆದರು. ಮುಖ ಸಪ್ಪಗಿತ್ತು.

"ಯಂತ್ರ ಸರಿಹೋಯ್ತು ವನಜಮ್ಮ, ನಮ್ಮನೆಯವಳು ಕೆಟ್ಟುಹೋದ್ಲು."

"ಏನಾಯ್ತು?"

"ಮಾತಿಲ್ಲ. ಊಟಕ್ಕೆ ಬನ್ನಿ ಅಂತಾಳೆ, ನೀರು ಬಂತು ಅಂತಾಳೆ. ಬೈಯೋದಿದ್ರೆ ಬೈತಾಳೆ. ಅಷ್ಟೇ. ಆಮೇಲೆ ಹಪ್ಪಳ ಲಟ್ಟಿಸ್ಕೊಂಡು ಗೋಡೆ ನೋಡ್ತಾಳೆ. ಕೇಳಿದ್ರೆ ಏನಿಲ್ಲ ಅಂತಾಳೆ. ಇಡೀ ದಿನ ಕಿವಿ ಬಿಟ್ಕೊಂಡು ಕೂತಿರ್ತೀನಿ. ಕೇಳಕ್ಕೆ ಏನೂ ಇಲ್ಲ."

ಇದಕ್ಕೆ ನನ್ನ ಬಳಿ ಪುಟವಿರಲಿಲ್ಲ. ಕಚೇರಿಗೆ ವಾಪಸು ಬಂದೆ.

ಮಾರನೆಯ ಮಧ್ಯಾಹ್ನ ಕೆಂಪಾಜಮ್ಮನೇ ಕಚೇರಿಗೆ ಬಂದರು. ಜರಡಿ ವಾಪಸು ಕೊಡುವುದಿದೆ ಎಂದು ಗಂಡನಿಗೆ ಹೇಳಿ ಬಂದಿದ್ದರಂತೆ. ಸಾಕ್ಷಿಗೆ ಕೈಯಲ್ಲಿ ಜರಡಿಯೂ ಇತ್ತು. ಬೋರಲಿಂಗಯ್ಯನವರ ಮೇಜಿನ ಮುಂದೆ ಕೂತು, ಜರಡಿಯನ್ನು ತೊಡೆಯ ಮೇಲಿಟ್ಟುಕೊಂಡು, "ಹತ್ತು ನಿಮಿಷ ವಾಪಸ್ ಕೊಡಿ" ಎಂದರು.

"ಏಳು ದಿನ ಹಲಗೆ ಮೇಲೆ ಇತ್ತಲ್ಲಮ್ಮಾ. ಆಗ ಯಾಕೆ ಬರ್ಲಿಲ್ಲ?" ಎಂದರು ಬೋರಲಿಂಗಯ್ಯನವರು.

"ಬರ್ಬಾರ್ದು ಅಂದ್ಕೊಂಡೆ. ಅವರಿಗೆ ಕಿವಿ ಬರ್ಲಿ, ಅಂಗಡಿ ತೆಗೀಲಿ, ನಂದೇನು ಅಂದ್ಕೊಂಡೆ. ಎಂಟು ದಿನ ತಡ್ಕೊಂಡೆ. ಆಗ್ತಿಲ್ಲ."

"ಸರಿ, ನೀವು ಅದನ್ನ ನೆಚ್ಚಿಕೊಂಡಿದ್ರಿ. ಯಾಕೆ ಅಂತ ಹೇಳ್ಬೇಕು. ಯಾಕೆ ಇಲ್ದೆ ಪುಟ ಆಗಲ್ಲ."

ಕೆಂಪಾಜಮ್ಮ ನನ್ನ ಕಡೆ ತಿರುಗಿದರು. "ಬೈಯಕ್ಕೆ ಅಂತ ಊರೆಲ್ಲ ಆಡ್ಕೊಳ್ತಿದೆ, ಅಲ್ವೇನೇ?"

ನಾನು ನೆಲ ನೋಡಿದೆ.

"ಬೈಯಕ್ಕೆ ನಂಗ್ಯಾಕೆ ಹತ್ತು ನಿಮಿಷ ಬೇಕು? ಬೈಯೋದನ್ನ ಅವರಿಗೆ ಕೇಳ್ಸೋ ಹೊತ್ತಲ್ಲೇ ಬೈತೀನಿ. ಕೇಳಿಸ್ದೆ ಇರೋರನ್ನ ಬೈದು ಏನ್ ಪ್ರಯೋಜನ?"

ಇದು ನನಗೆ ಹೊಳೆದಿರಲೇ ಇಲ್ಲ. ಹದಿನಾಲ್ಕು ವರ್ಷ ಗುಂಡಿಗಳ ಬಗ್ಗೆ ಬರೆದವಳಿಗೆ ಇಷ್ಟು ಸರಳವಾದದ್ದು ತಿಳಿಯಲಿಲ್ಲ.

"ಮತ್ತೆ ಏನ್ ಹೇಳ್ತಿದ್ರಿ?" ಎಂದೆ.

ಕೆಂಪಾಜಮ್ಮ ಸೆರಗನ್ನು ಸರಿಮಾಡಿಕೊಂಡರು. ಜರಡಿಯನ್ನು ತಿರುಗಿಸಿಟ್ಟುಕೊಂಡರು. "ಒಳ್ಳೇದು" ಎಂದರು. ಊರನ್ನೇ ಬಾಯಲ್ಲಿ ಗೆದ್ದ ಹೆಂಗಸಿನ ದನಿ ಅಷ್ಟು ಸಣ್ಣದಾದದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಇವತ್ತು ಬಿಳೀ ಅಂಗೀಲಿ ಚೆನ್ನಾಗಿ ಕಾಣ್ತೀರಿ ಅಂತೀನಿ. ಸಾರು ಎರಡು ಸಲ ಬಡಿಸ್ಕೊಂಡ್ರಲ್ಲ, ನಂಗೆ ಹೊಟ್ಟೆ ತುಂಬ್ತು ಅಂತೀನಿ. ಕಿವಿ ಹೋದಾಗ ನೀವು ಮೂರು ತಿಂಗಳು ಯಾರ ಮುಖಾನೂ ನೋಡ್ಲಿಲ್ಲ, ಬಾವಿ ಕಡೆ ಹೋದ್ರೆ ನಾನು ಹಿಂದಿಂದೆ ಬರ್ತಿದ್ದೆ, ನಿಮಗೆ ಗೊತ್ತಿಲ್ಲ ಅಂತೀನಿ. ನನಗಿಂತ ಮುಂಚೆ ಹೋಗ್ಬೇಡಿ ಅಂತೀನಿ. ಇದನ್ನೆಲ್ಲ ಮುಖಕ್ಕೆ ಮುಖ ಕೊಟ್ಟು ಹೇಳಕ್ಕಾಗುತ್ತಾ? ನಮ್ಮ ಕಾಲದಲ್ಲಿ ಆ ಪದ್ಧತಿ ಇರ್ಲಿಲ್ಲ. ಕಿವಿ ಹೋದ್ಮೇಲೆ ಹೇಳೋದು ಅಭ್ಯಾಸ ಆಯ್ತು. ಹನ್ನೊಂದು ವರ್ಷ ಹೇಳಿದೀನಿ. ಯಂತ್ರ ಬಂದ ದಿನ, ಅಯ್ಯೋ ಮುಗೀತಲ್ಲ ಅಂದ್ಕೊಂಡೆ. ದೇವರು ದೊಡ್ಡೋನು, ನೀನು ತಪ್ಪು ಬರ್ದೆ."

ಬೋರಲಿಂಗಯ್ಯನವರು ಮೇಜಿನ ಕೆಳಗೆ ಬಗ್ಗಿ ಏನನ್ನೋ ಹುಡುಕತೊಡಗಿದರು. ಅಲ್ಲಿ ಹುಡುಕುವಂಥದ್ದು ಏನೂ ಇರಲಿಲ್ಲ.

"ಆ ಹೊತ್ತಿಗೆ ಯಂತ್ರ ತೆಗೆದಿಡಿ ಅಂತ ಅವರಿಗೆ ನೀವೇ ಹೇಳಬಹುದಲ್ಲ" ಎಂದೆ ನಾನು.

"ತೆಗೀರಿ ಅಂದ್ರೆ ಯಾಕೆ ಅಂತಾರೆ. ಯಾಕೆ ಅಂದ್ರೆ ಏನ್ ಹೇಳ್ಲಿ? ತಾನಾಗಿ ನಿಂತ್ರೆ ಯಾರ ತಪ್ಪೂ ಅಲ್ಲ."

"ಅವರು ಮಲಗಿದ್ದಾಗ ಹೇಳಿದರೆ?"

"ಮಲಗಿರೋರ ಹತ್ರ ಮಾತಾಡಿದ್ರೆ ಹುಚ್ಚು ಅಂತಾರಮ್ಮಾ. ಎದುರಿಗೆ ಕೂತಿರ್ಬೇಕು, ನನ್ನ ನೋಡ್ತಿರ್ಬೇಕು, ಕೇಳಿಸ್ಬಾರ್ದು. ಬರ್ಕೋ. ನಿಂಗೆ ಎಲ್ಲ ಸರಿಯಾಗಿ ಬೇಕಲ್ಲ, ಹಿಂಗೇ ಬರ್ಕೋ." ಆಮೇಲೆ ಥಟ್ಟನೆ ನನ್ನ ಕೈ ಹಿಡಿದುಕೊಂಡರು. "ಬೇಡ, ಬರೀಬೇಡ. ಅವರು ಓದ್ತಾರೆ."

ಅವರು ಹೋದ ಮೇಲೆ ಬೋರಲಿಂಗಯ್ಯನವರು, "ಅಂಗಡಿ ಮುಚ್ಚಿಸಕ್ಕೂ ಆಗಲ್ಲ, ಈಯಮ್ಮನ ಬಾಯಿ ಮುಚ್ಚಿಸಕ್ಕೂ ಆಗಲ್ಲ" ಎಂದರು. ದಾರಿ ಒಂದೇ ಇತ್ತು, ಹೊಸ ಗುಂಡಿ. ಯಾರೂ ತಿರುಗಿಸಬೇಕಾಗಿಲ್ಲದ, ತಾನಾಗಿ ತಿರುಗುವ ಗುಂಡಿ. ಹೀಗೆ ಬರೆದೆ: 'ಗುಂಡಿಯ ಹೆಸರು ವಿಶ್ರಾಂತಿ. ಹಾರ್ಮೋನಿಯಂ ಎದುರಿಗಿರುವಾಗಲೂ ಮನೆಯ ಹೊರಗಿರುವಾಗಲೂ ಯಂತ್ರವು ನಿಲ್ಲದೆ ಕೇಳಿಸುವುದು. ಮನೆಯೊಳಗೆ ಇರುವಾಗ ಐದು ನಿಮಿಷ ಕೇಳಿಸಿ ಹತ್ತು ನಿಮಿಷ ವಿಶ್ರಾಂತಿ ಪಡೆಯುವುದು.' ಇಷ್ಟಕ್ಕೆ ಕಾಲು ಗಂಟೆ ಸಾಕಾಯಿತು. 'ಯಾಕೆ' ಎನ್ನುವ ಸಾಲಿಗೆ ಇಡೀ ದಿನ ಹಿಡಿಯಿತು. ಸುಳ್ಳು ಬರೆಯುವಂತಿಲ್ಲ, ನಿಜ ಬರೆಯುವಂತಿಲ್ಲ. ಹದಿನಾಲ್ಕು ವರ್ಷ ಯಾವ ಬರವಣಿಗೆಯನ್ನು ಬೈದಿದ್ದೆನೋ ಅದೇ ಈಗ ನನಗೆ ಬೇಕಾಗಿತ್ತು. ಸಂಜೆ ಐದು ಗಂಟೆಗೆ, 'ಯಾಕೆ: ಬಳಸುವವರ ಕಡೆಯವರೊಬ್ಬರು ಇದನ್ನು ನೆಚ್ಚಿಕೊಂಡಿದ್ದಾರೆ' ಎಂದು ಬರೆದು ಬೋರಲಿಂಗಯ್ಯನವರ ಮುಂದಿಟ್ಟೆ. ಅವರು ಎರಡು ಸಲ ಓದಿದರು. ಯಾರು, ಎತ್ತ, ಯಾತಕ್ಕೆ ಎಂದು ಕೇಳುತ್ತಾರೆಂದು ಕಾದೆ.

"ಸಾಕು. ಹೊಸ ಗುಂಡಿಗೆ ಹಲಗೆ ಬೇಕಿಲ್ಲ, ಬಳಸೋರ ರುಜು ಹಾಕಿಸು" ಎಂದರು.

ಮಾರನೆಯ ದಿನ ಹೊನ್ನಯ್ಯನವರನ್ನು ಕರೆಸಿದೆ. ಕೆಂಪಾಜಮ್ಮನೂ ಜೊತೆಗೆ ಬಂದು, ಏನೂ ಗೊತ್ತಿಲ್ಲದವರ ಹಾಗೆ ಹೊರಗೆ ಜಗಲಿಯ ಮೇಲೆ ಕೂತರು. ನಾನು ಒಳಗೆ ಬಾಗಿಲು ಮುಂದೆ ಮಾಡಿ ಪುಟವನ್ನು ಅವರ ಮುಂದೆ ಹಿಡಿದೆ. ಹನ್ನೊಂದು ವರ್ಷದ ಮೇಲೆ ಸಿಕ್ಕಿದ ಕಿವಿಯಲ್ಲಿ ಮನೆಯ ಪಾಲಿನ ಮೂರರಲ್ಲಿ ಎರಡು ಭಾಗ ವಾಪಸು ಕೊಡಿ ಎಂದು ಕೇಳುತ್ತಿದ್ದೆ. ಅವರು ಒಲ್ಲೆ ಎಂದರೆ ಅಲ್ಲಿಗೆ ಮುಗಿಯಿತು. ಅವರ ರುಜು ಇಲ್ಲದೆ ಏನೂ ಆಗದು.

ಹೊನ್ನಯ್ಯನವರು ಬೆರಳಿಟ್ಟು ಓದಿದರು. ಕೊನೆಯ ಸಾಲಿನಲ್ಲಿ ಬೆರಳು ನಿಂತಿತು.

"ಕಡೆಯವರೊಬ್ಬರು" ಎಂದರು. "ಮನೇಲಿ ಇರೋರು ನಾವಿಬ್ಬರೇ ವನಜಮ್ಮ. ಆ ಒಬ್ಬರು ನಾನಲ್ಲ."

ಬೋರಲಿಂಗಯ್ಯನವರು ಮತ್ತೆ ಮೇಜಿನ ಕೆಳಗೆ ಬಗ್ಗಿದರು.

"ಆ ಹೊತ್ತಲ್ಲಿ ಬೈತಾಳಾ?" ಎಂದು ಹೊನ್ನಯ್ಯನವರು ಮೆಲ್ಲಗೆ ಕೇಳಿದರು.

"ಹೂಂ" ಎಂದೆ. "ಚೆನ್ನಾಗಿ ಬೈತಾರಂತೆ." ಈ ಕೆಲಸಕ್ಕೆ ಸೇರಿದ ಮೇಲೆ ಕಚೇರಿಯೊಳಗೆ ನಾನು ಹೇಳಿದ ಮೊದಲ ಸುಳ್ಳು ಅದು.

ಅವರು ನಕ್ಕರು. "ನಲವತ್ತೆರಡು ವರ್ಷ ಬೈಸ್ಕೊಂಡಿದೀನಮ್ಮಾ. ಅವಳು ಬೈಯೋ ಮುಖ ನಂಗೊತ್ತಿಲ್ವಾ? ಅದು ಆ ಮುಖ ಅಲ್ಲ." ಪುಟವನ್ನು ತಮ್ಮ ಕಡೆಗೆ ಎಳೆದುಕೊಂಡರು. "ಏನ್ ಹೇಳ್ತಾಳೆ ಅಂತ ನಂಗೆ ಹೇಳ್ಬೇಡಿ. ಪೆನ್ನು ಕೊಡಿ."

ಪೆನ್ನು ಕೊಟ್ಟೆ. ರುಜು ಹಾಕಲು ಹೊರಟವರು ತಡೆದು, ಪುಟವನ್ನು ನನ್ನ ಕಡೆ ತಿರುಗಿಸಿದರು.

"ಹತ್ತು ನಿಮಿಷ ಅವಳಿಗೆ ಸಾಲದು. ಎಷ್ಟೋ ಸಲ ಅರ್ಧಕ್ಕೇ ನಿಲ್ಲಿಸಿಬಿಡ್ತಿದ್ಲು. ಇಪ್ಪತ್ತು ಅಂತ ಬರೀರಿ."

ಹತ್ತನ್ನು ಹೊಡೆದು ಇಪ್ಪತ್ತು ಎಂದು ಬರೆದೆ. ಅವರು ರುಜು ಹಾಕಿದರು, ಮೊಹರು ಬಿತ್ತು. ಹೊನ್ನಯ್ಯನವರು ಎದ್ದು ಪಂಚೆ ಕೊಡವಿಕೊಂಡು, ಮುಖವನ್ನು ಆದಷ್ಟು ಬೇಸರ ಮಾಡಿಕೊಂಡು ಜಗಲಿಗೆ ಹೋದರು. ನಾನು ಬಾಗಿಲ ಸಂದಿಯಲ್ಲಿ ನಿಂತೆ.

"ಏನಂತೆ?" ಎಂದರು ಕೆಂಪಾಜಮ್ಮ, ಬೇರೆ ಎಲ್ಲೋ ನೋಡುತ್ತಾ.

"ಏನೋ ಯಂತ್ರದ ದೋಷ ಅಂತೆ ಕಣೇ. ಮನೇಲಿ ಇಪ್ಪತ್ತಿಪ್ಪತ್ತು ನಿಮಿಷ ನಿಂತುಹೋಗುತ್ತಂತೆ. ಯಾರೂ ಏನೂ ಮಾಡಕ್ಕಾಗಲ್ವಂತೆ."

"ಇಪ್ಪತ್ತಾ?" ಎಂದು ಕೆಂಪಾಜಮ್ಮ ತಿರುಗಿ ನೋಡಿದರು. ಮರುಕ್ಷಣವೇ ಕಚೇರಿಯೊಳಗೆಲ್ಲ ಕೇಳುವಂತೆ, "ಇವರ ಯೋಗ್ಯತೆಗಿಷ್ಟು! ಒಂದು ಕಿವಿ ಸರಿಯಾಗಿ ಬರೆಯಕ್ಕೆ ಬರಲ್ಲ, ಆಫೀಸಂತೆ ಆಫೀಸು" ಎಂದು ನನ್ನನ್ನು ಬೈಯತೊಡಗಿದರು. ಬೀದಿಯ ತಿರುವಿನವರೆಗೂ ಬೈದರು. ಹೊನ್ನಯ್ಯನವರು ಹೂಂ, ಹೂಂ ಎನ್ನುತ್ತಾ ಪಕ್ಕದಲ್ಲಿಯೇ ಮನೆಯ ಕಡೆಗೆ ಬೇಗಬೇಗ ಹೆಜ್ಜೆ ಹಾಕಿದರು.